ಪೆಟ್ಟಿಗೆಗೆ ಕೈ ಹಚ್ಚಿದವಳು

ಜೂನ್ ೧೭, ಮಂಗಳವಾರ

ನೋವು: ಎದ್ದಾಗ ಏಳು. ಬಿಸಿನೀರು ಸುರಿದುಕೊಂಡ ಮೇಲೆ ಐದು. ಬಲಗಾಲಿನ ಹಿಂಬದಿ ಜುಮುಜುಮು ಹಾಗೇ ಇದೆ.

ಎತ್ತಿದ್ದು: ಕೆಮರಾದ ಪೆಟ್ಟಿಗೆ, ಇಪ್ಪತ್ನಾಲ್ಕು ಕಿಲೋ. ಎರಡನೇ ಖೇಪಿಗೆ ಸ್ಟ್ಯಾಂಡು ಒಂಬತ್ತು, ಬ್ಯಾಟರಿ ಚೀಲ ಏಳು. ಶಲವಡಿ ರಸ್ತೆಯಿಂದ ಶರೀಫಸಾಬನ ಹೊಲದ ತನಕ ಒಂದೂವರೆ ಕಿಲೋಮೀಟರ್. ಮಿರಗದ ಮಳೆ ಬಿದ್ದ ಕಪ್ಪು ಎರೆ ನೆಲ. ಒಂದೊಂದು ಪಾದಕ್ಕೂ ಎರಡೆರಡು ಸೇರು ಮಣ್ಣು ಹತ್ತುತ್ತದೆ. ಕಾಲು ಎತ್ತಿದರೆ ಹೊಲವೇ ಎದ್ದು ಬಂದಂತೆ.

ಹುಬ್ಬಳ್ಳಿಯ ಎಲುಬಿನ ಡಾಕ್ಟರು ದಿನಾ ಬರೆಯಲು ಹೇಳಿದ್ದಾರೆ. ಹತ್ತರಲ್ಲಿ ಎಷ್ಟು ನೋವು, ಏನು ಎತ್ತಿದಿರಿ. ಅವರಿಗೆ ತೋರಿಸಲು ಬೇರೆ ನೋಟ್‌ಬುಕ್ ಇಟ್ಟಿದ್ದೇನೆ. ಅದರಲ್ಲಿ ಎಲ್ಲ ದಿನವೂ ಎರಡು, ಮೂರು. ಎತ್ತಿದ್ದು ಏನೂ ಇಲ್ಲ. ಇದು ನನ್ನದು. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟವನ ಅಕ್ಷರ. ಯಾರೂ ಓದುವುದು ಬೇಡ.

ಸೊಸೆ ಮಹಾನಂದಾ ಬರಿಗೈಯಲ್ಲಿ ನಡೆದಳು. ಅದು ನನ್ನ ಶರತ್ತು.

ಈಕೆ ಮದುವೆ ವಿಡಿಯೋ ಮಾಡುವವಳು ಎಂದು ಬೀಗರು ಹೇಳಿದ ದಿನ ಮೂಗು ಮುರಿದವನು ನಾನೇ. ಈಗ ಅಣ್ಣಿಗೇರಿಯಲ್ಲಿ ಅವಳ ಸ್ಟುಡಿಯೋ ಗೊತ್ತಿಲ್ಲದವರಿಲ್ಲ. ಮುಂಬಯಿಯ ಟಿವಿ ಕಂಪನಿಯವರು ಹುಡುಕಿಕೊಂಡು ಬಂದು ಕೆಲಸ ಕೊಟ್ಟರು. ಮಿರಗದಿಂದ ಸ್ವಾತಿಯ ತನಕ ಹನ್ನೊಂದು ಮಳೆನಕ್ಷತ್ರ, ಒಂದೊಂದಕ್ಕೂ ಒಂದು ಶೂಟಿಂಗು. ಒಂದೇ ಹೊಲ, ಒಂದೇ ಜಾಗ. ಸ್ಟ್ಯಾಂಡಿನ ಮೂರು ಕಾಲಿಗೆ ನೆಲದಲ್ಲಿ ಮೂರು ಗೂಟ ಹೊಡೆದಿದ್ದೇವೆ. ಒಂದು ಮಳೆ ತಪ್ಪಿದರೂ ಪಿಕ್ಚರ್ ಕೂಡುವುದಿಲ್ಲವಂತೆ. ಏಪ್ರಿಲ್‌ನಲ್ಲಿ ಸಹಿ ಮಾಡಿದಳು. ಮೇ ತಿಂಗಳಲ್ಲಿ ಗೊತ್ತಾಯಿತು, ಬಸುರಿ. ಮೂರನೆಯದು. ಮೊದಲಿನ ಎರಡೂ ಐದನೇ ತಿಂಗಳಿಗೆ ಹೋದವು.

ಡಾಕ್ಟರಮ್ಮ ಹೇಳಿದ್ದು ಇಷ್ಟೇ. ನಡೆಯಲಿ, ಕೂರಲಿ, ಎತ್ತಬಾರದು. ಐದು ಕಿಲೋ ಕೂಡ. ನನ್ನ ಹೆಂಡತಿ ಕಸ್ತೂರೆವ್ವ, ಈ ಕೆಲಸ ಬಿಡು, ಹೋದ ಸಲದಂತೆ ಮಲಗು ಅಂದಳು. ಅದಕ್ಕೆ ಸೊಸೆ ನನ್ನ ಕಡೆ ತಿರುಗಿ ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ.

"ಹ್ವಾದ ಸಲ ಜಂತಿ ನೋಡಕೋತ ಮಲಗಿ ಕಳಕೊಂಡೆ, ಮಾವಾರ. ಈ ಸಲ ಹೊಲಾ ನೋಡಕೋತ ಇರತೀನಿ."

"ಹಂಗಾರ ಹೊರೂದು ನಂದು. ನೀ ಏನೂ ಮುಟ್ಟಾಕಿಲ್ಲ," ಅಂದೆ.

ಮಗ ಗೌರೀಶ ಬಸ್ ಡ್ರೈವರ್. ಪುಣೆ ರೂಟು. ಮನೆಯಲ್ಲಿ ಇರುವ ದಿನಕ್ಕೂ ಮಳೆ ಬರುವ ದಿನಕ್ಕೂ ತಾಳೆಯಿಲ್ಲ.

ಜೂನ್ ೨೬, ಗುರುವಾರ

ನೋವು ಆರು. ಆರಿದ್ರಾ ಮಳೆ ಚೆನ್ನಾಗಿ ಹಿಡಿದಿದೆ.

ಪೆಟ್ಟಿಗೆಯನ್ನು ಮೊಪೆಡ್ ಮೇಲೆ ಕಟ್ಟಿಕೊಂಡು ಹೋಗಿ ನೋಡಿದೆ. ನೂರು ಮಾರು ಹೋಗುವುದರೊಳಗೆ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿ ನಿಂತಿತು. ಅದನ್ನು ಜಗ್ಗಿ ರಸ್ತೆಗೆ ತರುವ ಹೊತ್ತಿಗೆ ಎರಡು ಪೆಟ್ಟಿಗೆ ಹೊತ್ತಷ್ಟು ದಣಿವು. ಶರೀಫಸಾಬನ ಚಕ್ಕಡಿ ಕೇಳಿದೆ. ಹಸಿ ಎರೆಯಲ್ಲಿ ಎತ್ತಿನ ಕುತ್ತಿಗೆ ಹೋಗುತ್ತದೆ ಅಂದ. ಎತ್ತಿನ ಕುತ್ತಿಗೆ ನೋಡುತ್ತಾನೆ, ನನ್ನದು ನೋಡುವುದಿಲ್ಲ. ಮನೆಯ ಹಿತ್ತಲಲ್ಲಿ ಕಾವಡಿ ಕಟ್ಟಿ ನೋಡಿದೆ. ತೂಗಾಡುತ್ತದೆ. ಕೆಮರಾಕ್ಕೆ ತೂಗಾಟ ಆಗದು.

ಕಂಪನಿಯವರು ಒಂದು ಬೆನ್ನುಚೀಲ ಕಳಿಸಿದ್ದಾರೆ. ಸೊಂಟಕ್ಕೆ ಅಗಲ ಪಟ್ಟಿ, ಎದೆಗೆ ಪಟ್ಟಿ. ಸಾಲಿ ಹುಡುಗರ ಪಾಟಿಚೀಲ. ಮೂಲೆಗೆ ಎಸೆದೆ.

ಅಣ್ಣಿಗೇರಿ ಅರಳಿ ಪೇಟೆಯಲ್ಲಿ ಮೂವತ್ನಾಲ್ಕು ವರ್ಷ ಹತ್ತಿ ಹೊತ್ತು ಹಮಾಲಿ ಮಾಡಿದವನು ನಾನು. ಹೊರುವುದನ್ನು ನನಗೆ ಪಟ್ಟಿ ಕಲಿಸಬೇಕೇ. ಸಿಂಬಿ ಸುತ್ತಿ ತಲೆಗೆ ಇಡಬೇಕು. ಭಾರ ನೆತ್ತಿಯಿಂದ ಹಿಮ್ಮಡಿಗೆ ನೇರ ಇಳಿಯಬೇಕು. ನೋಟ ಇಪ್ಪತ್ತು ಹೆಜ್ಜೆ ಮುಂದೆ. ಹೊತ್ತವನು ಮಾತಾಡಬಾರದು. ನಡುವೆ ಇಳಿಸಬಾರದು. ಇಳಿಸಿ ಮತ್ತೆ ಹೊರುವಾಗಲೇ ನಡು ಹೋಗುವುದು.

ಹಾಗೇ ಮಾಡಿದೆ. ಆ ಬದಿ ಮಹಾನಂದಾ ಕೈ ಹಚ್ಚಿದಳು, ಈ ಬದಿ ನಾನು, ಪೆಟ್ಟಿಗೆ ತಲೆಗೆ ಬಂತು. ಒಂದೇ ಉಸಿರಿಗೆ ಗೂಟದ ತನಕ ಹೋದೆ. ಶರೀಫಸಾಬ ಒಡ್ಡಿನ ಮೇಲೆ ನಿಂತು ಹಲ್ಲು ಕಿರಿದ.

"ಸೊಸಿ ಮುಂದ, ಮಾವ ಹಿಂದ. ಮದವಿ ವರಾತ ಎಲ್ಲಿಗೆ ಹೊಂಟೈತಿ ಮಡಿವಾಳೆಪ್ಪಾ?"

ಹೊತ್ತವನು ಮಾತಾಡಬಾರದು. ಇಳಿಸಿದ ಮೇಲೆ ಹೇಳಿದೆ, "ನಿನ್ನ ಹೊಲದಾಗ ಮಣ್ಣ ಹೆಚ್ಚಾಗೇತಿ. ಕಾಲಿಗೆ ಹಚಗೊಂಡು ಒಯ್ಯಾಕ ಬಂದೇವಿ."

ಮಹಾನಂದಾ ನಕ್ಕಳು. ತಿಂಗಳಾಗಿತ್ತು ನಕ್ಕು.

ಜುಲೈ ೨೩, ಬುಧವಾರ

ನೋವು ಆರು. ಕೂತರೆ ಏಳು.

ಡಾಕ್ಟರಮ್ಮ ಹೊಲಿಗೆ ಹಾಕಿ ಇಂದಿಗೆ ಐದು ದಿನ. ಗರ್ಭದ ಬಾಯಿ ಸಡಿಲ ಇದೆಯಂತೆ, ಅದಕ್ಕೇ ಮೊದಲಿನವು ನಿಲ್ಲಲಿಲ್ಲವಂತೆ. ನಡೆಯಬಹುದೇ ಎಂದು ನಾನೇ ಎರಡು ಸಲ ಕೇಳಿದೆ. ಸಮ ನೆಲದಲ್ಲಿ ನಡೆಯಬಹುದು. ಎತ್ತುವಂತಿಲ್ಲ, ಬಗ್ಗುವಂತಿಲ್ಲ. ಎರೆ ಸಮ ನೆಲವೇ. ಕೆಸರು ಅಂತ ನಾನು ಹೇಳಲಿಲ್ಲ.

ಮುಂದಿನ ವಾರ ಪುಷ್ಯ ಮಳೆಯ ಶೂಟಿಂಗು. ಅವಳ ಕೈಯಲ್ಲಿ ಛತ್ರಿ ಬಿಟ್ಟರೆ ಏನೂ ಇರುವುದಿಲ್ಲ. ಕಸ್ತೂರೆವ್ವನಿಗೆ ಆಣೆ ಮಾಡಿ ಹೇಳಿದ್ದೇನೆ.

ಆಗಸ್ಟ್ ೨೦, ಬುಧವಾರ

ನೋವು ನಾಲ್ಕು. ಯಾಕೆಂದರೆ ಏನೂ ಎತ್ತಲಿಲ್ಲ. ಮಘಿ ಮಳೆಗೆ ಗೌರೀಶನಿಗೆ ರಜೆ ಸಿಕ್ಕಿತು.

ಅವನೂ ಶರೀಫಸಾಬನೂ ಪೆಟ್ಟಿಗೆಯನ್ನು ಆಚೀಚೆ ಹಿಡಿದು ಒಯ್ದರು. ನಾಲ್ಕು ಕಡೆ ಇಳಿಸಿದರು. ನಾನು ಹಿಂದೆ ಬರಿಗೈಯಲ್ಲಿ ನಡೆದೆ. ಕೈ ಎಲ್ಲಿಡಬೇಕೋ ತಿಳಿಯಲಿಲ್ಲ. ಹೆಸರುಕಾಯಿ ಕೀಳುವ ಹೆಣ್ಣುಮಕ್ಕಳು ನೋಡಿ ನಕ್ಕರೇನೋ ಅನಿಸಿತು.

ಗೌರೀಶ ಕೇಳಿದ, ಕಾಲು ಯಾಕೆ ಎಳೆಯುತ್ತೀ ಅಂತ. ಕೆಸರು ಅಂದೆ. ಅವನ ಕಾಲಿಗೂ ಅದೇ ಕೆಸರು ಇತ್ತು.

ಸೆಪ್ಟೆಂಬರ್ ೩, ಬುಧವಾರ

ನೋವು ಎಂಟು. ನೋವಲ್ಲ ಇದು... ಮೊಣಕಾಲಿನ ಕೆಳಗೆ ಏನೂ ಇಲ್ಲದ ಹಾಗೆ.

ಹುಬ್ಬಿ ಮಳೆ. ಬರುವಾಗ ಮೂರು ಕಡೆ ಇಳಿಸಿದೆ. ಮೂವತ್ನಾಲ್ಕು ವರ್ಷದಲ್ಲಿ ಹೀಗೆ ಇಳಿಸಿದ್ದಿಲ್ಲ. ಒಮ್ಮೆ ಸಿಂಬಿ ಸರಿಯಿಲ್ಲ ಅಂದೆ. ಒಮ್ಮೆ ನೀರು ಕುಡಿಯಬೇಕು ಅಂದೆ. ಮೂರನೆಯ ಸಲಕ್ಕೆ ನೆಪ ಮುಗಿದಿತ್ತು. ಮೂರೂ ಸಲ ಮಹಾನಂದಾ ಕೈ ಹಚ್ಚಿ ಮತ್ತೆ ಹೊರಿಸಿದಳು. ಸಂಜೆ ಊಟ ಮಾಡದೆ ಮಲಗಿದ್ದಾಳೆ. ದಣಿವು ಅಂದಳು.

ಐದು ತಿಂಗಳು ತುಂಬಿತು.

ಸೆಪ್ಟೆಂಬರ್ ೪, ಗುರುವಾರ. ಮಧ್ಯಾಹ್ನ ೩

ಹುಬ್ಬಳ್ಳಿ. ಆಸ್ಪತ್ರೆಯ ಮೊಗಸಾಲೆ. ಬೆಳಿಗ್ಗೆ ರಕ್ತ ಕಂಡಿತು.

ಒಳಗೆ ಕರೆದುಕೊಂಡು ಹೋಗಿ ಎರಡು ತಾಸು. ಕಸ್ತೂರೆವ್ವ ಗೋಡೆಗೆ ಹಣೆ ಹಚ್ಚಿ ನಿಂತಿದ್ದಾಳೆ. ಗೌರೀಶ ಸಾತಾರಾದ ಹತ್ತಿರ ಇದ್ದಾನೆ, ಗಾಡಿ ತುಂಬ ಪ್ಯಾಸೆಂಜರು.

೪:೩೦

ಡಾಕ್ಟರಮ್ಮ ಹೊರಗೆ ಬಂದು ಕೇಳಿದರು, ಏನಾದರೂ ಎತ್ತಿದಳೇ ಅಂತ. ಒಂದು ಚೊಂಬು ಎತ್ತಿಲ್ಲ, ನಾನು ಸಾಕ್ಷಿ ಅಂದೆ. ದನಿ ಜೋರಾಯಿತು. ಕೂಗಬೇಡಿ ಅಂದರು.

ಕೂಸಿನ ಎದೆಬಡಿತ ಇದೆ. ಹೊಲಿಗೆ ತಡೆದಿದೆ. ಎರಡು ವಾರ ಹಾಸಿಗೆ.

ಇದೆ. ಇನ್ನೂ ಇದೆ.

ಸೆಪ್ಟೆಂಬರ್ ೭, ರವಿವಾರ

ನಿನ್ನೆ ಮನೆಗೆ ಕರೆತಂದೆವು. ನಾನು ಅಡಿಗೆಮನೆಯ ಬಾಗಿಲಲ್ಲಿ ಕುಂತು ಅದನ್ನೇ ಬಡಬಡಿಸುತ್ತಿದ್ದೆ. ಅವಳಿಗೆ ಏನೂ ಹೊರಲು ಕೊಟ್ಟಿಲ್ಲ, ದೇವರೇ ಬಂದು ಕೇಳಲಿ, ಹೀಗೇಕೆ ಆಗಬೇಕು. ಕಸ್ತೂರೆವ್ವ ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು.

"ಹೊಲದಾಗ ನಿಮ್ಮ ತಲಿಗೆ ಯಾರ ಕೈ ಹಚ್ಚತಾರ?"

ಹಂಚಿನ ಮೇಲಿನ ರೊಟ್ಟಿ ಮಗುಚಿ ಅವಳೇ ಅಂದಳು.

"ನೀರ ಕೊಡಾ ಹೊತ್ತಾಕಿ ನಾನು. ಹೊರಿಸಾವರ ಕೈಗೆ ಅರ್ಧಾ ಬರತೈತಿ. ನಿಮಗ ಗೊತ್ತಿಲ್ಲೇನ?"

ಎದ್ದು ಹಿತ್ತಲಿಗೆ ಹೋದೆ. ಕತ್ತಲಾಗುವ ತನಕ ಒಳಗೆ ಬರಲಿಲ್ಲ.

ಸೆಪ್ಟೆಂಬರ್ ೮, ಸೋಮವಾರ

ನೋವು ಬರೆಯುವುದಿಲ್ಲ ಇವತ್ತು.

ಪೇಟೆಯಲ್ಲಿ ಕೈ ಹಚ್ಚುವುದನ್ನು ಹೊರುವುದು ಅಂತ ಯಾರೂ ಅನ್ನುವುದಿಲ್ಲ. ಹಾದಿಯಲ್ಲಿ ಹೋಗುವವನು ಕೈ ಹಚ್ಚಿ ಮುಂದೆ ಹೋಗುತ್ತಾನೆ. ಚಹಾದ ಅಂಗಡಿಯವನು ಹಚ್ಚುತ್ತಾನೆ. ಹೆಂಗಸರು, ಮುದುಕರು... ಅದು ಕೆಲಸವೇ ಅಲ್ಲ. ನನ್ನ ತಲೆಗೆ ಎಷ್ಟು ಸಾವಿರ ಕೈ ಹತ್ತಿವೆಯೋ, ಒಂದರ ನೆನಪೂ ನನಗಿಲ್ಲ.

ಗೌರೀಶ ಬಂದ ಮಘಿ ಬಿಟ್ಟರೆ ಆರು ಮಳೆ. ಹೋಗುವಾಗ ಒಂದು, ಬರುವಾಗ ಒಂದು. ಹನ್ನೆರಡು. ಹುಬ್ಬಿಯಲ್ಲಿ ನಡುವೆ ಇಳಿಸಿದ್ದು ಮೂರು. ಹದಿನೈದು. ಹದಿನೈದು ಸಲ ಬಗ್ಗಿ, ಹನ್ನೆರಡು ಕಿಲೋ, ನೆಲದಿಂದ ನನ್ನ ತಲೆಯ ತನಕ. ಹೊಟ್ಟೆಗೆ ಒತ್ತಿಕೊಂಡು ಎತ್ತುತ್ತಿದ್ದಳು. ನಾನು ನೋಡುತ್ತಿದ್ದೆ. ಸಿಂಬಿ ಸರಿ ಇದೆಯೇ ಅಂತ ನೋಡುತ್ತಿದ್ದೆ.

ಸಾಕ್ಷಿಯಂತೆ. ಥೂ.

ಸೆಪ್ಟೆಂಬರ್ ೧೯, ಶುಕ್ರವಾರ

ನೋವು ಒಂಬತ್ತು.

ಉತ್ತರಿ ಮಳೆಗೆ ಒಬ್ಬನೇ ಹೋದೆ. ಕಂಪನಿಗೆ ಫೋನ್ ಮಾಡಿ ಕೆಲಸ ಬಿಡುತ್ತೇನೆ ಅಂದಿದ್ದಳು ಮಹಾನಂದಾ. ಅಂದವಳು ಗೋಡೆಗೆ ಮುಖ ಮಾಡಿ ಮಲಗಿದಳು, ರೊಟ್ಟಿ ಮುಟ್ಟಲಿಲ್ಲ. ನಾನೇ ಬಿಡಬೇಡ ಅಂದೆ. ಗುಂಡಿ ಯಾವುದು ತೋರಿಸು ಅಂದೆ. ಕೆಂಪು ಗುಂಡಿ. ಗೂಟದ ಮೇಲೆ ಸ್ಟ್ಯಾಂಡು ನಿಲ್ಲಿಸಿ ಒತ್ತುವುದು, ನಲವತ್ತು ನಿಮಿಷ ಬಿಟ್ಟು ಮತ್ತೆ ಒತ್ತುವುದು. ಅಷ್ಟೇ.

ಆಳು ಹುಡುಕಿದೆ. ಎರೆಗೆ ಹದ ಬಂದಿದೆ. ಊರಿಗೆ ಊರೇ ಬಿತ್ತುವುದಕ್ಕೆ ಇಳಿದಿದೆ. ಶೂಟಿಂಗಿಗೆ ಬೇಕಾದ ದಿನವೇ ಒಬ್ಬನ ಕೈಯೂ ಖಾಲಿ ಇರುವುದಿಲ್ಲ. ಶರೀಫಸಾಬ ಕೂರಿಗೆ ಹಿಡಿದವನು ತಿರುಗಿಯೂ ನೋಡಲಿಲ್ಲ. ಅವನದೂ ತಪ್ಪಲ್ಲ.

ಮೂಲೆಯಲ್ಲಿದ್ದ ಪಟ್ಟಿಚೀಲ ಹೊರಗೆ ತೆಗೆದೆ. ಪೆಟ್ಟಿಗೆ ಬಿಚ್ಚಿ ಅರ್ಧ ಅದರಲ್ಲಿ. ರಸ್ತೆಯಲ್ಲಿ ನಿಂತ ಸ್ಟುಡಿಯೋ ಗಾಡಿಯ ಹಿಂದಿನ ಹಲಗೆಯ ಮೇಲೆ ಚೀಲ ಇಟ್ಟು, ಬೆನ್ನು ಕೊಟ್ಟು, ಪಟ್ಟಿ ಬಿಗಿದರೆ ಒಬ್ಬನೇ ಹೊರಬಹುದು. ಯಾರ ಕೈಯೂ ಬೇಡ. ಭಾರ ಸೊಂಟದ ಎಲುಬಿನ ಮೇಲೆ ಕೂರುತ್ತದೆ, ಬೆನ್ನಿಗೆ ಬರುವುದೇ ಇಲ್ಲ. ಹೊಲದಲ್ಲಿ ಎದೆಮಟ್ಟದ ಒಡ್ಡಿದೆ, ಅದರ ಮೇಲೆ ಇಳಿಸಿ ಅಲ್ಲಿಂದಲೇ ಮತ್ತೆ ಹೊತ್ತುಕೊಂಡೆ. ಈ ಪಟ್ಟಿ ಹೊಲಿದವನು ಹಮಾಲನೇ ಇರಬೇಕು. ಜೂನ್‌ನಲ್ಲಿ ಅದನ್ನು ಮೂಲೆಗೆ ಎಸೆದ ಕೈ ಕತ್ತರಿಸಬೇಕು.

ನಾಲ್ಕು ಖೇಪು. ಆರು ತಾಸು.

ಸೆಪ್ಟೆಂಬರ್ ೨೦, ಶನಿವಾರ

ನನ್ನ ಶೂಟಿಂಗು ಅವಳು ಮಲಗಿದಲ್ಲೇ ಲ್ಯಾಪ್‌ಟಾಪ್‌ನಲ್ಲಿ ಹಾಕಿದಳು. ನಲವತ್ತು ನಿಮಿಷ ಏನೂ ಇಲ್ಲ. ಗುಂಡಿ ಎರಡು ಸಲ ಒತ್ತಿದ್ದೆನಂತೆ. ಹತ್ತಿ, ಆರಿದೆ. ಕೊನೆಗೆ ಆರಿಸಲು ಒತ್ತಿದಾಗ ಹತ್ತಿದೆ. ಆಮೇಲಿನ ಆರು ನಿಮಿಷ ಬಂದಿದೆ.

ಹೊಲ. ಮೋಡ. ಅದರೊಳಗೆ ಒಬ್ಬ ಮುದುಕ ಬ್ಯಾಟರಿ ಚೀಲ ಹಾಕಿಕೊಂಡು ಆಚೆ ಹೋಗುತ್ತಿದ್ದಾನೆ. ಬಲಗಾಲು ನೆಲ ಬಿಟ್ಟು ಏಳುವುದೇ ಇಲ್ಲ. ಎರೆಯಲ್ಲಿ ಗೆರೆ ಎಳೆದುಕೊಂಡು ಹೋಗುತ್ತದೆ. ಚಪ್ಪಲಿ ಕೆಸರಿನಲ್ಲಿ ಕಿತ್ತು ಉಳಿಯಿತು. ಮುದುಕ ನಿಲ್ಲಲಿಲ್ಲ. ಬರಿಗಾಲಲ್ಲೇ ಹೋದ. ಒಂದು ಕಾಲಿನ ಚಪ್ಪಲಿ ಇಲ್ಲ ಅಂತ ಅವನಿಗೆ ಗೊತ್ತೇ ಆಗಿಲ್ಲ.

ನನಗೆ ಗೊತ್ತಾಗಿದ್ದು ಮನೆಯಲ್ಲಿ ಕಾಲು ತೊಳೆಯುವಾಗ.

ಅವಳು ಅದನ್ನು ಎರಡು ಸಲ ನೋಡಿದಳು. ನಾನು ಎದ್ದು ಹೊರಟೆ. ಕೂರಿಸಿದಳು.

"ಮಿರಗದಾಗಿಂದ ನೋಡೇನಿ, ಮಾವಾರ. ನೀವು ಕಾಲ ಎಳಿತಿದ್ರಿ. ಕೈ ಹಚ್ಚೂದಿಲ್ಲ ಅಂದ್ರ ನೀವು ಒಬ್ಬರ ಎತ್ತತಿದ್ರಿ."

"ನಿನಗ ಗೊತ್ತಿತ್ತೇನು, ಅದು ಎತ್ತಿದಂಗ ಅಂತ?"

"ಗೊತ್ತಿತ್ತರಿ."

ಬೈಯಬೇಕು ಅಂತ ಬಾಯಿ ತೆಗೆದೆ. ಅರವತ್ನಾಲ್ಕು ವರ್ಷದಲ್ಲಿ ಬೈಗುಳ ಸಿಗದೇ ಹೋಗಿದ್ದು ಇದೇ ಮೊದಲು.

ಆ ಆರು ನಿಮಿಷವನ್ನೇ ಕಂಪನಿಗೆ ಕಳಿಸಿದಳು. ನನ್ನನ್ನು ತೆಗೆಯಲಿಲ್ಲ.

ಸೆಪ್ಟೆಂಬರ್ ೨೪, ಬುಧವಾರ

ಎಲುಬಿನ ಡಾಕ್ಟರ ಹತ್ತಿರ ಮಹಾನಂದಾ ಹಟ ಮಾಡಿ ಕಳಿಸಿದಳು. ಸುಳ್ಳು ನೋಟ್‌ಬುಕ್ ತೋರಿಸಿದೆ. ಅವರು ಅದನ್ನು ನೋಡದೆ ನನ್ನ ಪಾದ ಹಿಡಿದು ಮೇಲೆತ್ತು ಅಂದರು. ಏಳಲಿಲ್ಲ. ಪಾದ ಬಿದ್ದಿದೆ, ಆಪರೇಶನ್ ಆಗಬೇಕು, ಈ ವಾರವೇ ಅಂದರು. ತಡ ಮಾಡಿದರೆ ಕಾಲು ಮರಳಿ ಬರುವ ಖಾತ್ರಿ ಇಲ್ಲ.

ಸ್ವಾತಿ ಮುಗಿಯಲಿ ಅಂತ ಲೆಕ್ಕ ಹಾಕಿದೆ. ಮೂರು ಮಳೆ. ನಾನು ಮಲಗಿದರೆ ಅವಳು ಹೋಗುತ್ತಾಳೆ. ನನಗೆ ಗೊತ್ತು. ಒಬ್ಬಳೇ ಹೋಗುತ್ತಾಳೆ.

ಮನೆಯಲ್ಲಿ ಹೇಳಿದೆ, ಗುಳಿಗೆ ಬರೆದುಕೊಟ್ಟಿದ್ದಾರೆ ಅಂತ.

ಅಕ್ಟೋಬರ್ ೩, ಶುಕ್ರವಾರ

ಹಸ್ತಿ ಮಳೆ. ಡಾಕ್ಟರಮ್ಮ ಅವಳಿಗೆ ನಡೆಯಲು ಒಪ್ಪಿದರು. ಅವಳು ಮುಂದೆ, ಛತ್ರಿ ಮಾತ್ರ. ನಾನು ಪಟ್ಟಿಚೀಲ, ಹನ್ನೆರಡು ಕಿಲೋ, ಖೇಪು ಖೇಪಾಗಿ. ಗಾಡಿಯ ಹಲಗೆ, ಒಡ್ಡು, ಗೂಟ. ಗೂಟ, ಒಡ್ಡು, ಗಾಡಿಯ ಹಲಗೆ. ನೆಲಕ್ಕೆ ಒಮ್ಮೆಯೂ ಇಳಿಸಲಿಲ್ಲ. ಅವಳು ಒಮ್ಮೆಯೂ ಬಗ್ಗಲಿಲ್ಲ.

ಚಪ್ಪಲಿಯನ್ನು ಕಾಲಿಗೆ ಹಗ್ಗದಿಂದ ಕಟ್ಟಿಕೊಂಡಿದ್ದೆ. ಹಗ್ಗ ಚರ್ಮ ಕೊಯ್ದಿದೆ. ಗೊತ್ತಾಗಲಿಲ್ಲ.

ಇನ್ನು ಎರಡು.

ಅಕ್ಟೋಬರ್ ೧೬, ಗುರುವಾರ. ಬೆಳಿಗ್ಗೆ ೭

ನೋವು ಸೊನ್ನೆ. ಬಲಗಾಲು ತೊಡೆಯ ತನಕ ಸೊನ್ನೆ.

ಚಿತ್ತಿ. ಎಂಟು ದಿನದಿಂದ ಮಳೆಯಿಲ್ಲ. ನೆಲ ಬಿರಿದಿದೆ, ಕಡಲೆ ಎರಡೆಲೆ ಬಿಟ್ಟಿದೆ. ಒಣ ನೆಲ. ಇವತ್ತು ಸುಲಭ. ಅವಳಿಗೆ ಆರೂವರೆ ತಿಂಗಳು. ನಿನ್ನೆ ಕೂಸು ಒದ್ದಿತು ಅಂತ ಕಸ್ತೂರೆವ್ವ ನನ್ನ ಕಿವಿಯಲ್ಲಿ ಹೇಳಿದಳು.

೧೨:೫೦

ಹೊಲದಲ್ಲಿ ಬರೆಯುತ್ತಿದ್ದೇನೆ. ನೋಟ್‌ಬುಕ್ ಚೀಲದ ಪ್ಲಾಸ್ಟಿಕ್ಕಿನಲ್ಲಿತ್ತು. ಬೇರೆ ಏನು ಮಾಡಲಿ ಇಲ್ಲಿ ಕುಂತು.

ಶೂಟಿಂಗ್ ಮುಗಿಯುತ್ತಲೇ ಮೂಡಣದಿಂದ ಮೋಡ ಕವಿಯಿತು. ಅರ್ಧ ತಾಸು, ಸುರಿಯಿತಲ್ಲ, ಮುಖ ನೋಡಲಾಗಲಿಲ್ಲ ಒಬ್ಬರಿಗೊಬ್ಬರು. ಎಂಟು ದಿನದ ಬಿರುಕೆಲ್ಲ ಕುಡಿದು ಎರೆ ಅಂಟಾಯಿತು. ಚೀಲ ಹಾಕಿಕೊಂಡು ಒಡ್ಡಿನ ತನಕ ಬಂದರೆ ಒಡ್ಡಿಲ್ಲ. ಹೋಗುವಾಗ ಸೀಳು ಬಿಟ್ಟಿತ್ತು, ಈಗ ನೀರು ಕೊಚ್ಚಿಕೊಂಡು ಹೋಗಿದೆ. ಇಳಿಸಲು ಜಾಗವಿಲ್ಲ. ನಡೆದೆ. ನೂರು ಹೆಜ್ಜೆ ನಡೆದಿರಬಹುದು. ಕಾಲು ಮಡಚಿತು. ಬೆನ್ನ ಮೇಲೆ ಬಿದ್ದೆ, ಆಮೆಯ ಹಾಗೆ.

ಪಟ್ಟಿ ಬಿಚ್ಚಿ ಕುಂತೆ. ಏಳಲಾಗಲಿಲ್ಲ. ಮಹಾನಂದಾ ಛತ್ರಿ ಬಿಸಾಡಿ ಬಂದಳು. ಬಗ್ಗಿ ನನ್ನ ರಟ್ಟೆಯ ಕೆಳಗೆ ಎರಡೂ ಕೈ ಹಾಕಿದಳು.

ಬೈದೆ. ಪೇಟೆಯಲ್ಲಿ ಗಂಡಸರಿಗೂ ಬೈಯದ ಮಾತು ಬೈದೆ. ಅವಳ ಕೈ ಕಿತ್ತು ತಳ್ಳಿದೆ. ಅತ್ತಳು. ಅಳಲಿ.

"ಮುಟ್ಟಿದ್ಯೋ ನಾ ನಿನ್ನ ಮಾವಲ್ಲ. ಛತ್ರಿ ತಗೊ. ಬೇವಿನ ಗಿಡದ ಕಡೆ ನಡಿ, ಅಲ್ಲಿ ಫೋನ್ ಹತ್ತತೈತಿ. ಶರೀಫಸಾಬಗ ಹಚ್ಚು. ತಿರುಗಿ ನೋಡಬ್ಯಾಡ."

"ನಿಮ್ಮನ್ನ ಬಿಟ್ಟು..."

"ನಾ ಏನ ಆರ ತಿಂಗಳ ಬಸರೇನು? ನಡಿ."

ಹೋದಳು.

೧:೨೦

ಮಳೆ ಸಣ್ಣಗಾಗಿದೆ. ಕಾಣುತ್ತಾಳೆ. ಒಂದು ಕೈಯಲ್ಲಿ ಛತ್ರಿ, ಒಂದು ಕೈ ಹೊಟ್ಟೆಯ ಕೆಳಗೆ. ಸಣ್ಣ ಹೆಜ್ಜೆ. ಪ್ರತಿ ಹೆಜ್ಜೆಗೂ ನಿಂತು ಕಾಲಿನ ಮಣ್ಣು ಕೊಡವುತ್ತಾಳೆ. ಒಳ್ಳೆಯದು. ಅವಸರ ಬೇಡ ತಾಯಿ.

ಮೂರು ತಾಸು ನಾನು ಇಲ್ಲೇ ಕುಂತರೂ ಏನೂ ಆಗುವುದಿಲ್ಲ. ಕಾಲು ಹೋದರೆ ಹೋಯಿತು. ಅದು ಹೋಗಿಯೇ ಆಗಿದೆ.

೧:೩೫

ಬೇವಿನ ಗಿಡಕ್ಕೆ ಇನ್ನೂ ನೂರು ಮಾರು ಇದೆ. ನಿಂತಳು.

ದಣಿವಿರಬೇಕು. ನಿಲ್ಲಲಿ.

ಛತ್ರಿ ಕೈಬಿಟ್ಟಳು. ಗಾಳಿಗೆ ಉರುಳಿ ಹೋಗುತ್ತಿದೆ, ಹಿಡಿಯುತ್ತಿಲ್ಲ. ಎರಡೂ ಕೈ ಹೊಟ್ಟೆಗೆ.

ಕುಂತಳು. ಕೆಸರಿನಲ್ಲೇ ಕುಂತಳು.

ಕೂಗಿದೆ. ಗಾಳಿ ಈ ಕಡೆಯಿಂದಲ್ಲ, ದನಿ ಮುಟ್ಟುವುದಿಲ್ಲ.

ಒಂದು ಕೈ ಮೇಲೆ ಎತ್ತಿದ್ದಾಳೆ. ಬಾ ಅನ್ನುತ್ತಾಳೋ ಬರಬೇಡ ಅನ್ನುತ್ತಾಳೋ... ಇಲ್ಲಿಂದ ತಿಳಿಯುವುದಿಲ್ಲ.

ಎಡಗಾಲು ಇದೆ. ಎರಡು ಕೈ ಇವೆ. ಕೆಮರಾ ಇಲ್ಲೇ ಬಿದ್ದಿರಲಿ. ಅಂಗೈ ಊರಿ, ಮೊದಲು ಎಡಗಾಲು, ತೆವಳಿಕೊಂಡೇ ಅವಳ ಹತ್ತಿರ ಹೊರಟೆ.